ಕೊಯ್ಯದೆ ಕಂಡ ಅರಿಸಿನ

ಹರವೆಯಿಂದ ಬಸ್ಸು ಹತ್ತಿ ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದ ಸೋದರತ್ತೆ ಮಾದೇವಿ, ಮಡಿಲಲ್ಲಿ ಕಟ್ಟಿಕೊಂಡಿದ್ದ ಏಳು ಅರಿಸಿನದ ಗೆಡ್ಡೆಗಳನ್ನು ಮೇಜಿನ ಮೇಲಿಟ್ಟಳು. ಅವಳ ಹಿತ್ತಲಲ್ಲಿ ತಲೆಮಾರುಗಳಿಂದ ಉಳಿದುಬಂದ ತಳಿಯದು; ಕೊಳೆರೋಗವೂ ಹುಳವೂ ತಿಂದು ಉಳಿಸಿದ್ದು ಇಷ್ಟೇ. ಇವುಗಳೊಳಗೂ ಹುಳ ಹೊಕ್ಕಿದೆಯೋ ಏನೋ, ಹೊರಗಿನಿಂದ ತಿಳಿಯದು.

"ಕುಯ್ದು ನೋಡನ ಅಂದ್ರೆ ಬಿತ್ನೆಗೇ ಇರಲ್ವಲ್ಲ ಕಣಮ್ಮಿ," ಎಂದಳು.

ಇಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು, ಬಿಡುವಿನಲ್ಲಿ ಒಂದು ಉಚಿತ ತಂತ್ರಾಂಶಕ್ಕೆ ಕೈಜೋಡಿಸುತ್ತೇನೆ. ವಸ್ತುವನ್ನು ತಿರುಗಿಸುತ್ತ ತೆಗೆದ ನೂರಾರು ಎಕ್ಸ್‌ರೇ ನೆರಳುಗಳನ್ನು ಕೂಡಿಸಿ, ಕತ್ತರಿಸದೆಯೇ ಅದರ ಒಡಲನ್ನು ತೋರುವ ತಂತ್ರಾಂಶವದು. ಗೆಳತಿಯೊಬ್ಬಳು ತನ್ನ ಪ್ರಯೋಗಾಲಯದ ಹಳೆಯ ಯಂತ್ರದಲ್ಲಿ ಗೆಡ್ಡೆಗಳನ್ನು ಸ್ಕ್ಯಾನ್ ಮಾಡಿ ಕಳಿಸಿದಳು. ಆದರೆ ಆ ಯಂತ್ರದ ಫೈಲು ತನ್ನದೇ ಬಗೆಯದು. ನಮ್ಮ ತಂತ್ರಾಂಶಕ್ಕೆ ಅದನ್ನು ಓದಲು ಬಾರದು.

ಓದು ಕಲಿಸುವುದು ನನ್ನ ಪಾಲಿಗೆ ಬಂತು. ಮಳೆ ಬಿದ್ದೊಡನೆ ಗೆಡ್ಡೆ ನೆಡಬೇಕಿದ್ದ ಅತ್ತೆ ಪಕ್ಕದಲ್ಲೇ ಕುಳಿತು ಕಾದಳು. ಅರ್ಥವಿಲ್ಲದ ಅಂಕಿಗಳ ಸಂತೆಯಲ್ಲಿ ಚಿತ್ರದ ಅಗಲ ಯಾವುದು, ಎತ್ತರ ಯಾವುದು, ಚಿತ್ರಗಳೆಷ್ಟು ಎಂದು ನಾಲ್ಕು ದಿನ ಹುಡುಕಿದೆ. ತೆರೆಯ ಮೇಲೆ ಮೊದಲು ಕಂಡದ್ದು ಬರಿಯ ಮರಳಿನಂಥ ಚುಕ್ಕಿಗಳು. ಪ್ರತಿ ಸಂಖ್ಯೆಯನ್ನೂ ಎರಡು ತುಂಡು ಮಾಡಿ, ಹಿಂದಿನದನ್ನು ಮುಂದಿಟ್ಟು ಬರೆದಿತ್ತು ಯಂತ್ರ. ಅದನ್ನು ಸರಿಪಡಿಸಲು ಒಂದೇ ಸಾಲು ಸಾಕಾಯಿತು.

ಗೆಳೆಯರೇ, ಹುಟ್ಟಿದಾಗಿನಿಂದ ಅರಿಸಿನ ತಿಂದವಳು ನಾನು, ಅರಿಸಿನ ನೋಡಿದ್ದು ಅಂದೇ. ನೂಲಿಗಿಂತ ಸಣ್ಣ ನಾರುಗಳು, ಉಂಗುರದೊಳಗೆ ಉಂಗುರ, ತುದಿಯಲ್ಲಿ ವೀಳ್ಯದೆಲೆಯಂತೆ ಮಡಿಚಿಟ್ಟ ಎಳೆಯ ಮೊಳಕೆ. ಯಾರಾದರೂ ನೋಡಲಿ ಎಂದಲ್ಲದೆ ಇಷ್ಟೊಂದು ಚೆಲುವು ಮಣ್ಣಿನ ಕತ್ತಲೆಯಲ್ಲಿ ಪ್ರತಿ ವರ್ಷವೂ ಸುಮ್ಮನೆ ಮೂಡುತ್ತಿತ್ತು. ಐದು ಗೆಡ್ಡೆಗಳಲ್ಲಿ ಹುಳ ಕೊರೆದ ಸುರಂಗಗಳಿದ್ದವು. ಎರಡರಲ್ಲಿ ಏನೂ ಇರಲಿಲ್ಲ, ಎಂದರೆ ಎಲ್ಲವೂ ಇತ್ತು.

ಅತ್ತೆ ಸೆರಗನ್ನು ತಲೆಗೆಳೆದುಕೊಂಡು, "ಅಷ್ಟೊಂದು ಒಳಿಕ್ಕೆ ಇಣುಕಿದ್ರಲ್ಲ, ಅದ್ಕೆ ನೋವಾಗ್ನಿಲ್ವಾ?" ಎಂದಳು.

"ಇಲ್ಲ ಅತ್ತೆ. ನೆರಳು ಹಾದುಹೋದಂಗೆ ಅಷ್ಟೆ."

ಆ ಎರಡನ್ನೇ ನೆಟ್ಟಳು, ಎರಡೂ ಮೊಳೆತೆದ್ದವು. ನಾನು ಬರೆದ ಸಾಲುಗಳು ತಂತ್ರಾಂಶಕ್ಕೆ ಸೇರಿ ಎಲ್ಲರಿಗೂ ದೊರೆತವು. ಕೆಲವು ತಿಂಗಳ ಮೇಲೆ, ನಾನೆಂದೂ ಕಾಣದ ದೇಶದಿಂದ ಯಾರೋ ಬರೆದರು: ಅದೇ ಬಗೆಯ ಯಂತ್ರದಲ್ಲಿ ತೆಗೆದು, ತೆರೆಯಲಾಗದೆ ವರ್ಷಗಟ್ಟಲೆ ಬಿದ್ದಿದ್ದ ಅವರ ಕಾಡುಬೀಜಗಳ ಚಿತ್ರಗಳು ಈಗ ತೆರೆದುಕೊಂಡವಂತೆ. ಫೋನಿನಲ್ಲಿ ಅತ್ತೆಗೆ ಓದಿ ಹೇಳಿದೆ.

ಅವಳು ಕೊಂಚ ಯೋಚಿಸಿ ಕೇಳಿದಳು: "ಅವರ್ದೂ ಮೊಳಿತಾ ಅಂತ ಕೇಳ್ದಾ?"