ಬಾಯಿ ಮಾತ್ರ ಅಬೆಲೋನೆಯದು

ಪಶ್ಚಿಮ ಕರಾವಳಿಯ ನೂಕ್ ನಗರದ ಮೀನಿನ ಕಾರ್ಖಾನೆಯಲ್ಲಿ ಅಬೆಲೋನೆ ನನ್ನ ಪಕ್ಕದಲ್ಲಿ ನಿಂತು ಮೀನಿನ ಮುಳ್ಳು ತೆಗೆಯುತ್ತಿದ್ದಳು. ನಾವಿಬ್ಬರೂ ಪೂರ್ವ ಕರಾವಳಿಯವರು. ನನ್ನದು ತಾಸೀಲಾಕ್ ಪಟ್ಟಣ, ಅವಳದು ಅಲ್ಲಿಂದ ದೋಣಿಯಲ್ಲಿ ಹೋಗಬೇಕಾದ ಕೂಮ್ಮೀಟ್ ಹಳ್ಳಿ. ಪಶ್ಚಿಮದವರಿಗೂ ನಮಗೂ ನಡುವೆ ಇಡೀ ದೇಶದ ಹಿಮ ಮಲಗಿದೆ. ಅವರ ಮಾತು ನಮಗೆ ಶಾಲೆ, ಚರ್ಚು, ರೇಡಿಯೋಗಳಿಂದ ಬಂದಿದೆ. ನಮ್ಮ ಮಾತು ಅವರಿಗೆ ಬರಲು ಯಾವ ದಾರಿಯೂ ಇರಲಿಲ್ಲ.

"ಏನಕ್ಕಾ, ಬಾಯಲ್ಲಿ ಕಲ್ಲಿಟ್ಕೊಂಡು ಮಾತಾಡ್ತೀರಾ ನೀವಿಬ್ರು?" ಎಂದು ಮೇಸ್ತ್ರಿ ಛೇಡಿಸುತ್ತಿದ್ದ.

"ಕಲ್ಲಲ್ಲೋ ಯಪ್ಪಾ, ನಿಮ್ಮ ಕ್ಯಾಂಟೀನಿನ ಬ್ರೆಡ್ಡು. ಇನ್ನೂ ನುಂಗಾಕ ಆಗವಲ್ದು," ಎನ್ನುತ್ತಿದ್ದಳು ಅಬೆಲೋನೆ. ಅವನಿಗೆ ಅರ್ಧ ತಿಳಿಯುತ್ತಿತ್ತು, ನಗುತ್ತಾ ಮುಂದೆ ಹೋಗುತ್ತಿದ್ದ.

ಅವಳು ನಗರಕ್ಕೆ ಬಂದದ್ದು ಮಗ ಹೋದ ಮೇಲೆ. ಸೀಲ್ ಬೇಟೆಗೆ ಹೋಗಿದ್ದ ಹುಡುಗ ಶರತ್ಕಾಲದ ಒಂದು ದಿನ ಮರಳಲಿಲ್ಲ. ಬೋರಲಾದ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಹೂಳಲು ದೇಹವಿಲ್ಲದ್ದರಿಂದ ಊರ ಗೋರಿಗಳ ನಡುವೆ ಅವನದೊಂದು ಶಿಲುಬೆಯೂ ಇಲ್ಲ. ಸತ್ತವರ ಹೆಸರನ್ನು ಎತ್ತಬಾರದು ಎನ್ನುವುದು ನಮ್ಮ ಕಡೆಯ ಹಳೆಯ ಪದ್ಧತಿ. ಬಂಧುಗಳಲ್ಲಿ ಒಂದು ಮಗು ಹುಟ್ಟಿ ಆ ಹೆಸರನ್ನು ಹೊರುವವರೆಗೆ ಅದನ್ನು ಬಾಯೊಳಗೇ ಇಟ್ಟುಕೊಳ್ಳಬೇಕು. ಮಗುವಿಗೆ ಹೆಸರು ಬಂತೆಂದರೆ ಸತ್ತವನೂ ಬಂದಂತೆ. ಆಮೇಲೆ ಆ ಮಗುವನ್ನು ಮಗನೇ ಎಂದು ಕರೆಯಬಹುದು, ಅದು ಹೆಣ್ಣಾದರೂ ಸರಿ. ಈಗಿನವರು ಇದನ್ನೆಲ್ಲ ಅಷ್ಟಾಗಿ ಪಾಲಿಸುವುದಿಲ್ಲ. ಅಬೆಲೋನೆ ಪಾಲಿಸುತ್ತಿದ್ದಳು. ಹಾಗಾಗಿ ನಾನೂ ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಅವಳ ಮಗಳು ಕಾರೋ ತಾಸೀಲಾಕಿನಲ್ಲಿದ್ದಳು, ಮದುವೆಯಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅಬೆಲೋನೆ ಕಾಯುತ್ತಿದ್ದದ್ದು ಅವಳ ಹೊಟ್ಟೆಯ ಸುದ್ದಿಗೆ.

ಅಂಥ ದಿನಗಳಲ್ಲಿ ಪಿಪಾಲುಕ್ ಎಂಬ ಹುಡುಗಿ ನಮ್ಮ ಕ್ಯಾಂಟೀನಿಗೆ ಬಂದಳು. ನೂಕ್‌ನವಳೇ. ಕೋಪನ್‌ಹೇಗನ್‌ನಲ್ಲಿ ಸಿನಿಮಾ ಕಲಿತು ಮರಳಿದ್ದಳು. ಮೇಜಿನಿಂದ ಮೇಜಿಗೆ ಹೋಗಿ ಮುಖಗಳನ್ನು ನೋಡುತ್ತಾ ಬಂದವಳು ಅಬೆಲೋನೆಯ ಎದುರು ನಿಂತುಬಿಟ್ಟಳು.

"ಅಮ್ಮಾ, ಇಷ್ಟು ವರ್ಷ ನಮ್ಮನ್ನಾಳಿದ ಡೇನರು ಬಂದು ನಮ್ಮ ಸಿನಿಮಾ ತೆಗ್ದ್ರು. ನಾಯಿಗಾಡಿ, ಹಿಮ, ಕುಡುಕರು. ಈಗ ನಮ್ಮ ಸಿನಿಮಾನ ನಾವೇ ಮಾಡ್ತಿದೀವಿ. ದುಡ್ಡೂ ನಮ್ದೇ, ಮಾತೂ ನಮ್ದೇ. ನೀವು ತಾಯಿ ಪಾತ್ರ ಮಾಡ್ತೀರಾ?"

"ನಾ ನಟಿ ಅಲ್ಲವ್ವಾ. ತಾಯಿ ಏನ್ ಮಾಡಬೇಕು?"

"ಮಗ ಸಮುದ್ರಕ್ಕೆ ಹೋಗಿರ್ತಾನೆ. ವಾಪಸ್ ಬರಲ್ಲ. ದಡದಲ್ಲಿ ನಿಂತು ಕರೀಬೇಕು. ಅಷ್ಟೇ."

ಅಬೆಲೋನೆ ಕಾಫಿ ಲೋಟವನ್ನು ಕೆಳಗಿಟ್ಟಳು. ಈ ಹುಡುಗಿಗೆ ಯಾರಾದರೂ ಹೇಳಿ ಕಳಿಸಿದ್ದಾರೆಯೇ ಎಂಬಂತೆ ನನ್ನ ಮುಖ ನೋಡಿದಳು. ಯಾರೂ ಹೇಳಿರಲಿಲ್ಲ. ನಮ್ಮ ದೇಶದಲ್ಲಿ ಇಂಥ ಕಥೆ ಬರೆಯಲು ಯಾರೂ ಹೇಳಿಕೊಡಬೇಕಾಗಿಲ್ಲ.

"ಯಾವ ಮಾತಿನ್ಯಾಗ ಕರೀಬೇಕು?" ಎಂದು ಕೇಳಿದಳು.

"ನಿಮಗೆ ಹೇಗೆ ಬರತ್ತೋ ಹಾಗೆ."

ನಗರದ ಹೊರಗಿನ ಬಂಡೆಗಳ ದಡದಲ್ಲಿ ಆ ದೃಶ್ಯ ತೆಗೆದರು. ಜೊತೆಗೆ ಬಾ ಎಂದಿದ್ದಳು, ನಾನು ಅವಳ ಕೋಟು ಹಿಡಿದು ಹಿಂದೆ ನಿಂತಿದ್ದೆ. ಉದ್ದ ಕೋಲಿನ ತುದಿಗೆ ಮೈಕು ಕಟ್ಟಿ ಒಬ್ಬ ಅವಳ ತಲೆಯ ಮೇಲೆ ಹಿಡಿದಿದ್ದ. ಮೊದಲು ಅವಳಿಂದ ದನಿಯೇ ಬರಲಿಲ್ಲ. ಪಿಪಾಲುಕ್ ಅವಸರ ಮಾಡಲಿಲ್ಲ. "ನಿಮಗೆ ಬಂದಾಗ ಬರ್ಲಿ ಅಮ್ಮಾ," ಎಂದು ಸುಮ್ಮನೆ ಕುಳಿತಳು. ಆಮೇಲೆ ಅಬೆಲೋನೆ ಕರೆದಳು. ಚಿತ್ರದ ಹುಡುಗನ ಹೆಸರನ್ನಲ್ಲ, ತನ್ನ ಮಗನ ಹೆಸರನ್ನು. ನಮ್ಮ ಮಾತಿನಲ್ಲೇ, ನಾವು ಮನೆಗೆ ಮಕ್ಕಳನ್ನು ಕೂಗುವ ಹಾಗೆ. ಊಟ ಆರತೈತಿ ಬಾ, ನಿಮ್ಮಕ್ಕ ಕಾಯಾಕತ್ತ್ಯಾಳ ಬಾ, ನಾ ಬೈಯಂಗಿಲ್ಲ ಬಾ. ಮತ್ತೆ ಹೆಸರು, ಮತ್ತೆ ಹೆಸರು. ಮೈಕು ಹಿಡಿದವನು ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಂಡ. ಪಿಪಾಲುಕ್ ಓಡಿ ಬಂದು ಅವಳನ್ನು ತಬ್ಬಿಕೊಂಡಳು.

ಬಸ್ಸಿನಲ್ಲಿ ಮರಳುವಾಗ ಅಬೆಲೋನೆ, "ಹೆಸರು ಎತ್ತಿಬಿಟ್ನೆಲ್ಲ ಬೆನಿಗ್ನಾ," ಎಂದಳು.

"ಎತ್ತಿದ್ರ ಏನಾತು ಬಿಡ. ಮೀಸಲಿಟ್ಟ ಹೆಸರು, ಕಾರೋನ ಕೂಸಿಗೆ ಬರ್ತೈತಿ."

"ಹಂಗಲ್ಲ. ಇನ್ನ ಅದು ಸಿನಿಮಾದಾಗ ಇರ್ತೈತಿ. ಇಡೀ ದೇಶ ಕೇಳ್ತೈತಿ. ಅವಂಗ ಗೋರಿ ಇಲ್ಲ, ಇದಾದ್ರೂ ಇರ್ಲಿ."

ಚಳಿಗಾಲ ಮುಗಿಯುವ ಹೊತ್ತಿಗೆ ಚಿತ್ರ ಸಿದ್ಧವಾಯಿತು. ಮೊದಲ ಪ್ರದರ್ಶನಕ್ಕೆ ಅಬೆಲೋನೆ ಮಣಿಗಳ ಕೊರಳಪಟ್ಟಿ, ಬಿಳಿ ಚರ್ಮದ ಬೂಟು ಎಲ್ಲ ತೊಟ್ಟು ಬಂದಳು. ಸರ್ಕಾರದ ದೊಡ್ಡವರೊಬ್ಬರು ವೇದಿಕೆ ಹತ್ತಿ, ಇಂದು ನಮ್ಮ ನಾಡು ತನ್ನ ಬಾಯಿಯಿಂದ ತಾನೇ ಮಾತಾಡುತ್ತಿದೆ ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು.

ದಡದ ದೃಶ್ಯ ಬಂತು. ಪರದೆ ತುಂಬ ಅಬೆಲೋನೆಯ ಮುಖ. ಬಾಯಿ ತೆರೆಯಿತು. ಹೊರಗೆ ಬಂದ ದನಿ ಬೇರೆ ಯಾರದೋ. ತಿದ್ದಿ ತೀಡಿದ ನೂಕ್ ಮಾತು, ನಾಟಕ ಶಾಲೆಯ ದನಿ. ಕರೆದದ್ದು ಚಿತ್ರದ ಹುಡುಗನ ಹೆಸರನ್ನು. ಸುತ್ತಲೂ ಜನ ಮೂಗು ಸೀದುತ್ತಿದ್ದರು. ಅಬೆಲೋನೆ ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡಳು. ನಂತರ ನನ್ನ ಕಿವಿಯಲ್ಲಿ, "ನಂಗ ಕಿವಿ ಕೆಟ್ಟಾವೇನ?" ಎಂದು ಕೇಳಿದಳು.

ಮರುದಿನ ನಾವಿಬ್ಬರೂ ಪಿಪಾಲುಕ್‌ಳ ಕಚೇರಿಗೆ ಹೋದೆವು. ಹುಡುಗಿ ಕೆಟ್ಟವಳಲ್ಲ. ನಮ್ಮನ್ನು ಕೂರಿಸಿ ತಾನೇ ಕಾಫಿ ಮಾಡಿಕೊಟ್ಟಳು.

"ಅಮ್ಮಾ, ಮೊದ್ಲೇ ಹೇಳ್ಬೇಕಿತ್ತು, ನನ್ನದೇ ತಪ್ಪು. ಇಲ್ಲಿ ಯಾರಿಗೂ ಅರ್ಥ ಆಗ್ತಿರ್ಲಿಲ್ಲ. ಅದೂ ಅಲ್ದೆ, ಮಗ ಒಂದು ಮಾತು, ತಾಯಿ ಇನ್ನೊಂದು ಮಾತು ಆಡಿದ್ರೆ ಡೇನರು ನಗ್ತಾರೆ. ನೋಡಿ, ಇವರು ಒಂದು ದೇಶವೇ ಅಲ್ಲ ಅಂತಾರೆ. ನಾವು ಒಂದು ಅಂತ ತೋರಿಸ್ಬೇಕಿತ್ತು."

"ಒಂದ ಆಗಾಕ ನಂದ ನಾಲಗಿ ಕೀಳಬೇಕಿತ್ತೇನು?"

ಅಬೆಲೋನೆ ಮುಂದುವರಿಸಿದಳು. "ನಾ ಸಣ್ಣಾಕಿ ಇದ್ದಾಗ ನಮ್ಮ ಸಾಲ್ಯಾಗ ಡೇನರ ಸಿನಿಮಾ ತೋರಿಸಿದ್ರು. ಅದ್ರಾಗ ನಮ್ಮಜ್ಜಿ ಇದ್ಲು. ಬಾಯಿ ಆಡಿಸೂದು ಕಾಣತಿತ್ತು, ಮಾತು ಯಾವನೋ ಡೇನ್ ಗಂಡಸಂದು. ಅವತ್ತು ನಮ್ಮವ್ವ ಅಂದ್ಲು, ಪರದೇಶದವರು, ಅವ್ರಿಗೇನು ಗೊತ್ತು ಅಂತ. ನಿನಗ ನಾ ಏನಂತ ಅನ್ಲಿ?"

ಹುಡುಗಿ ಅಳತೊಡಗಿದಳು. ಅಬೆಲೋನೆ ಅಳಲಿಲ್ಲ. "ಹೋಗ್ಲಿ ಬಿಡು. ಸಿನಿಮಾಕ್ಕ ಬ್ಯಾಡಾದ್ರ ನಂಗ ವಾಪಸ್ ಕೊಡು. ಅದ್ರಾಗ ನನ್ನ ಮಗನ ಹೆಸರು ಐತಿ," ಎಂದಳು.

ಚಿತ್ರಕ್ಕೆ ದನಿ ಕೂಡಿಸಿದ್ದು ಡೆನ್ಮಾರ್ಕಿನಲ್ಲಿ. ಪಿಪಾಲುಕ್ ಕೂತಲ್ಲಿಂದಲೇ ಕೋಪನ್‌ಹೇಗನ್‌ಗೆ ಫೋನು ಮಾಡಿದಳು. ಡೇನಿಷ್‌ನಲ್ಲಿ ಬೇಡಿಕೊಂಡಳು, ಜಗಳವಾಡಿದಳು. ಆ ಕಡೆಯವರು ಹೇಳಿದ್ದಿಷ್ಟೇ. ಬಳಸದ ದನಿಯನ್ನೆಲ್ಲ ಅಳಿಸಿ ಆಗಿದೆ, ಏನೂ ಉಳಿದಿಲ್ಲ.

ಅಲ್ಲಿಂದ ಮುಂದೆ ಅಬೆಲೋನೆ ಕಾರ್ಖಾನೆ ಮುಗಿಸಿ ನೇರವಾಗಿ ಸಿನಿಮಾಕ್ಕೆ ಹೋಗತೊಡಗಿದಳು. ದಡದ ದೃಶ್ಯ ಬಂದಾಗ ಎದ್ದು ನಿಲ್ಲುವಳು. ಪರದೆಯ ಮೇಲೆ ಬಾಯಿ ತೆರೆದಾಗ ಇವಳೂ ತೆರೆಯುವಳು, ಮಗನ ಹೆಸರು ಹಿಡಿದು ಕೂಗುವಳು. ಆ ತುಟಿಗಳು ನಿಜಕ್ಕೂ ಆಡಿದ್ದು ಆ ಹೆಸರನ್ನೇ ಅಲ್ಲವೇ, ಇವಳ ಕೂಗು ಅವುಗಳಿಗೆ ಸರಿಯಾಗಿ ಕೂಡುತ್ತಿತ್ತು. ಒಮ್ಮೆ ನಾನೂ ಜೊತೆಗಿದ್ದೆ. ಮೈ ಜುಂ ಎಂದಿತು. ಆದರೆ ಮುಂದಿನ ಸಾಲಿನ ಹೆಂಗಸು ತಿರುಗಿ, "ಕುಡಿದು ಬಂದಿದೀರಾ? ನಾವು ಅಳೋದಕ್ಕೂ ಬಿಡಲ್ವಲ್ಲ," ಎಂದಳು.

"ಅದು ನಾನ," ಎಂದು ಅಬೆಲೋನೆ ಪರದೆಯತ್ತ ಕೈ ತೋರಿಸಿದಳು. "ಅಕಿ ನಾನ."

"ಹೌದೌದು, ನಾನು ಡೆನ್ಮಾರ್ಕಿನ ರಾಣಿ," ಎಂದರು ಹಿಂದಿನಿಂದ ಯಾರೋ. ಜನ ನಕ್ಕರು. ಬಾಗಿಲ ಕಾವಲಿನವನು ಬಂದು ತೋಳು ಹಿಡಿದು ಹೊರಗೆ ಕರೆದೊಯ್ದ. ಆಮೇಲೆ ಅವಳಿಗೆ ಟಿಕೆಟ್ ಕೊಡುವುದನ್ನೇ ನಿಲ್ಲಿಸಿದರು. ಅವಳು ಕಟ್ಟಡದ ಹಿಂದೆ, ಪಕ್ಕದ ಬಾಗಿಲಿನ ಬಳಿ ಹಿಮದಲ್ಲಿ ನಿಂತು ಒಳಗಿನ ಸದ್ದಿಗೆ ಕಿವಿಗೊಟ್ಟು, ಸಮಯ ನೋಡಿ ಕೂಗುತ್ತಿದ್ದಳು. ನಾನು ಬೈದೆ, ಎಳೆದೆ, ಕಾಲು ಹಿಡಿದೆ.

"ಯಾಕ ಹಿಂಗ ಮಾಡಾಕತ್ತಿ? ಹುಚ್ಚಿ ಅಂತಾರ."

"ಬಾಯಿಂದ ಹೊರಗ ಬಿಟ್ಟೀನಿ, ಅದು ಎಲ್ಲೂ ಹೋಗಿ ಕೂತಿಲ್ಲ ಬೆನಿಗ್ನಾ. ಗಾಳ್ಯಾಗ ನಿಂತೈತಿ. ಎಲ್ಲ್ಯರ ಕುಂದ್ರಸ್ಬೇಕು ಅದನ್ನ."

ವಸಂತದಲ್ಲಿ ಕಾರೋಗೆ ಹೆಣ್ಣುಮಗು ಹುಟ್ಟಿತು. ಫೋನು ಬಂದಾಗ ಅಬೆಲೋನೆ ಕೈಗವಸು ಕಿತ್ತೆಸೆದು ಕ್ಯಾಂಟೀನಿನ ಮೂಲೆಗೆ ಓಡಿದಳು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಎಂದೂ ಕಂಡಿರಲಿಲ್ಲ. "ನನ್ನ ಮಗ ಬಂದಾನೇನ? ತೋರಿಸ, ಮಾರಿ ತೋರಿಸ," ಎಂದಳು. ಆ ಕಡೆಯಿಂದ ಕಾರೋ ತಡವರಿಸಿದಳು.

"ಅವ್ವಾ, ಕೂಸಿಗೆ ತೀರಿಹೋದ ನಮ್ಮ ಮಾವನ ಹೆಸರು ಇಟ್ಟೀವಿ."

"ಅವಂದೂ ಇಡು. ಎರಡೂ ಇರ್ಲಿ."

"ಅತ್ತಿ ಬ್ಯಾಡ ಅಂತಾಳ. ನೀ ಅದನ್ನ ಸಿನಿಮಾದವ್ರಿಗೆ ಕೊಟ್ಟಿ. ಅವ್ರು ಒಗದ್ರು. ಒಗದ ಹೆಸರು ಕೂಸಿಗೆ ಹಾಕಿದ್ರ ಕೂಸೂ ಉಳ್ಯಾಂಗಿಲ್ಲ ಅಂತಾಳ. ನಂಗೂ ಅಂಜಿಕಿ ಆಗ್ತೈತಿ ಅವ್ವಾ. ಸಿಟ್ಟಾಗಬ್ಯಾಡ."

ಅಬೆಲೋನೆ ಸಿಟ್ಟಾಗಲಿಲ್ಲ. ಕೂಸು ಹಾಲು ಕುಡಿತೈತೇನು ಎಂದು ಕೇಳಿದಳು, ಬೆಚ್ಚಗ ಇಡು ಎಂದಳು. ಮರಳಿ ಬಂದು ನನ್ನ ಪಕ್ಕ ನಿಂತು ಪಾಳಿ ಮುಗಿಯುವವರೆಗೆ ಮುಳ್ಳು ತೆಗೆದಳು. ಆ ವಾರವೇ ಕೆಲಸ ಬಿಟ್ಟು ಪೂರ್ವಕ್ಕೆ ಹೊರಟುಹೋದಳು. ಮಗಳ ಮನೆಗಲ್ಲ, ಕೂಮ್ಮೀಟ್‌ನಲ್ಲಿದ್ದ ತನ್ನ ತಮ್ಮ ಗೇರ್ತ್‌ನ ಮನೆಗೆ.

ಬೇಸಿಗೆಯಲ್ಲಿ ಚಿತ್ರವನ್ನು ತಾಸೀಲಾಕಿನ ಶಾಲೆಯ ಆಟದ ದೊಡ್ಡ ಕೊಠಡಿಯಲ್ಲಿ ತೋರಿಸಿದರಂತೆ. ಅಬೆಲೋನೆಯ ಸಿನಿಮಾ ಎಂದು ಸುತ್ತಲ ಹಳ್ಳಿಗಳಿಂದ ದೋಣಿ ದೋಣಿ ಜನ ಬಂದಿದ್ದರು. ಅವಳನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ಪರದೆಯ ಮೇಲೆ ಅವಳು ಬಾಯಿ ತೆರೆದು ನೂಕ್ ಮಾತಾಡಿದ ಕೂಡಲೇ ಇಡೀ ಕೊಠಡಿ ಗೊಳ್ ಎಂದು ನಕ್ಕಿತು. "ಏ ನೋಡ್ರಲೇ, ಅಬೆಲೋನೆ ನೂಕಿನ ದೊರಸಾನಿ ಆಗ್ಯಾಳ!" ಎಂದ ಒಬ್ಬ. ಕೆಟ್ಟ ನಗುವೇನಲ್ಲ, ತಮ್ಮವಳೆಂಬ ಸಲಿಗೆ. ಅವಳು ಅಂದು ಎದ್ದು ನಿಲ್ಲಲಿಲ್ಲ, ಕೂಗಲಿಲ್ಲ. ಚಿತ್ರ ಮುಗಿದ ಮೇಲೆ ಎಲ್ಲರಿಗೂ ಕೈಕುಲುಕಿದಳು ಎಂದು ಗೇರ್ತ್ ನನಗೆ ಹೇಳಿದ.

ಅದಾದ ಮೇಲೆ ಅವಳು ಗೇರ್ತ್‌ನ ದೋಣಿ ತೆಗೆದುಕೊಂಡು ಮಗ ಕಳೆದುಹೋದ ಕಡೆಗೆ ಒಬ್ಬಳೇ ಹೋಗತೊಡಗಿದಳು. ನೀರ್ಗಲ್ಲು ತೇಲುವ ದಿನಗಳಲ್ಲೂ ಹೋದಳು. ಒಮ್ಮೆ ಅರ್ಧ ಹೆಪ್ಪುಗಟ್ಟಿದವಳನ್ನು ಬೇಟೆಗಾರರು ಎಳೆದು ತಂದರು. ಗೇರ್ತ್ ದೋಣಿಯ ಎಂಜಿನ್ನನ್ನು ಬಿಚ್ಚಿ ಬೀಗ ಹಾಕಿಟ್ಟ. ಅವಳು ಜಗಳವಾಡಲಿಲ್ಲ. ಒಳಗೆ ಬಂದು ಕುಳಿತಳು.

ಚಿತ್ರಕ್ಕೆ ಹೊರದೇಶದಲ್ಲಿ ಬಹುಮಾನ ಬಂದಿದೆ ಎಂದು ರೇಡಿಯೋದಲ್ಲಿ ಹೇಳಿದ ದಿನ ನಾನು ಕೂಮ್ಮೀಟ್‌ಗೆ ಫೋನು ಮಾಡಿದೆ. ಗೇರ್ತ್ ಎತ್ತಿದ. "ಮಾತಾಡ್ಸು ನೀನ. ಆದ್ರ ಅಕಿ ನಮ್ಮ ಮಾತು ಬಿಟ್ಟಾಳ. ಮೊದ್ಲ ಚ್ಯಾಷ್ಟಿ ಮಾಡ್ತಾಳ ಅನ್ಕೊಂಡಿದ್ವಿ," ಎಂದು ಅವಳ ಕೈಗೆ ಕೊಟ್ಟ.

"ಹೆಂಗದಿ ಅಬೆಲೋನೆ? ನಾನು, ಬೆನಿಗ್ನಾ."

"ಚೆನ್ನಾಗಿದೀನಿ. ನೀವು ಹೇಗಿದೀರಾ?"

ತಿದ್ದಿ ತೀಡಿದ ನೂಕ್ ಮಾತು. ಒಂದು ಉಚ್ಚಾರವೂ ತಪ್ಪಿರಲಿಲ್ಲ.

"ನನ್ನ ಕೂಡನೂ ಹಿಂಗ ಮಾತಾಡ್ತೀಯೇನ?"

"ಇಲ್ಲಿ ಮೀನು ಚೆನ್ನಾಗಿ ಸಿಗ್ತಿದೆ. ಒಣಗಿಸಿ ಕಳಿಸ್ತೀನಿ. ಚಳಿ ಜಾಸ್ತಿ, ಹುಷಾರಾಗಿರಿ," ಎಂದಳು ಅವಳು. ನಾನು ಇನ್ನೂ ಏನೋ ಹೇಳುವಷ್ಟರಲ್ಲಿ ಫೋನನ್ನು ಮೆಲ್ಲಗೆ ಇಟ್ಟಳು.