ಮಾದಾಪುರದ ಹಳ್ಳದ ಹೂಳು

ಹಳ್ಳದ ಹೂಳು ಸೋಸುವುದು ನನ್ನ ಉದ್ಯೋಗ. ಮಳೆ ಗುಡ್ಡದ ಬಂಡೆಯನ್ನು ಸವೆಸಿ ಸವೆಸಿ ಹಳ್ಳಕ್ಕೆ ತಂದು ಹಾಕುತ್ತದೆ. ಆ ನುಣ್ಣನೆಯ ಹೂಳಿನಲ್ಲಿ ಯುರೇನಿಯಂ ಹೆಚ್ಚಿದ್ದರೆ ಮೇಲೆಲ್ಲೋ ಅದರ ಮೂಲವಿರಬಹುದು ಎಂಬುದು ಅದನ್ನು ಹುಡುಕುವ ನಮ್ಮ ಇಲಾಖೆಯ ಲೆಕ್ಕಾಚಾರ. ಎರಡು ಹಳ್ಳ ಕೂಡುವ ಜಾಗಕ್ಕಿಂತ ಸ್ವಲ್ಪ ಮೇಲೆಯೇ ಹೂಳು ತೆಗೆಯಬೇಕು. ಇಲ್ಲದಿದ್ದರೆ ಯಾವ ಗುಡ್ಡದ್ದು ಯಾವುದೆಂದು ತಿಳಿಯದೆ ಎಲ್ಲ ಕಲಸುಮೇಲೋಗರ.

ಮಾದಾಪುರದ ಹತ್ತಿರ ಅಂಥ ಜಾಗ ಒಂದು ಸಣ್ಣ ಕಾಫಿ ತೋಟದ ಕೆಳಗಿತ್ತು. ತೋಟದ ಮನೆಗೆ ಕುಡಿಯುವ ನೀರೂ ಅದೇ ಹಳ್ಳದಿಂದ ಪೈಪಿನಲ್ಲಿ ಹೋಗುತ್ತಿತ್ತು. ನಾನು ಮೊಣಕಾಲುದ್ದ ನೀರಲ್ಲಿ ಜರಡಿ ಹಿಡಿದು ನಿಂತಿದ್ದಾಗ ಮನೆಯ ಹಿರಿಯಾಕೆ ದಡಕ್ಕೆ ಬಂದು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

"ಹಂಗಾರೆ ಈ ನೀರು ಕುಡೀಬೋದಾ ಸಾರ್? ಸೊಸೆ ಬಸ್ರಿ."

"ನಾವು ನೀರು ನೋಡಲ್ಲ ಅಮ್ಮ, ಹೂಳು ಮಾತ್ರ."

"ಹೂಳು ಇರೋದು ನೀರೊಳಗೆ ತಾನೆ?"

ಹೂಳಿನಲ್ಲಿರುವುದೆಲ್ಲ ನೀರಿಗೆ ಕರಗುವುದಿಲ್ಲ ಎಂದು ವಿವರಿಸಿದೆ. ನನಗೇ ಅದು ಗಿಳಿಪಾಠದಂತೆ ಕೇಳಿಸಿತು. ಫಲಿತಾಂಶ ಬಂದ ಮೇಲಾದರೂ ಹೇಳುತ್ತೀರಾ ಎಂದರು. ಅದು ನನ್ನ ಕೈಗೇ ಬರುವುದಿಲ್ಲ. ಚೀಲಕ್ಕೆ ನಂಬರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರೆ ನನ್ನ ಕೆಲಸ ಮುಗಿಯಿತು. ನೀರನ್ನು ಬೇರೆಯಾಗಿ ಪರೀಕ್ಷೆ ಮಾಡಿಸಿ ಎಂದೆ. ಎಲ್ಲಿ ಎಂದು ಕೇಳಿದರು. ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಯುರೇನಿಯಂ ನೋಡುವುದಿಲ್ಲ ಎಂಬುದು ಆಗ ನೆನಪಾಯಿತು. ನಾನು ಓದಿದ ಓದಿನ ಮೇಲೇ ಸಿಟ್ಟು ಬಂತು.

ಮುಂದಿನ ಬೇಸಿಗೆಗೆ ಅಲ್ಲಿಂದಲೇ ಇನ್ನಷ್ಟು ಹೂಳು ತರಲು ಮೇಲಿನವರು ಕಳಿಸಿದರು. ಯಾಕೆಂದು ಹೇಳಲಿಲ್ಲ. ಹಳ್ಳದಲ್ಲಿ ಪೈಪು ಇರಲಿಲ್ಲ. ಆ ತಾಯಿ ನನ್ನನ್ನು ಕಂಡು ಖುಷಿಯಿಂದಲೇ ಮನೆಗೆ ಕರೆದರು.

"ನೀವು ಹೇಳಿದ್ದು ಒಳ್ಳೇದೇ ಆಯ್ತು ಸಾರ್. ಹಳ್ಳದ ಸಹವಾಸನೇ ಬ್ಯಾಡ ಅಂತ ಬೋರ್ ಹೊಡೆಸಿದ್ವಿ. ಬರೀ ಬಂಡೆ. ಕೊರೆದೂ ಕೊರೆದೂ ಆಳದಲ್ಲಿ ಸಿಕ್ತು ನೋಡಿ ನೀರು!"

ಹರಿಯುವ ಹಳ್ಳದ ನೀರಿಗಿಂತ, ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರಿನಲ್ಲೇ ಯುರೇನಿಯಂ ಹೆಚ್ಚು ಕರಗಿರುವ ಸಂಭವ. ಈ ಬೋರಿನಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳಿಯೇ ಇವರನ್ನು ಹಳ್ಳ ಬಿಡಿಸಿದ್ದೆ. ಈಗ ಇದನ್ನೂ ಹೇಳಿದರೆ ಇವರು ನೀರಿಗೆ ಎಲ್ಲಿಗೆ ಹೋಗಬೇಕು?

ಸೊಸೆ ಕೂಸನ್ನು ಎತ್ತಿಕೊಂಡು ಬಂದು ನನಗೊಂದು ಲೋಟ ನೀರು ಕೊಟ್ಟಳು. ಕುಡಿದೆ, ತಣ್ಣಗಿತ್ತು. ಕೂಸು ಲೋಟಕ್ಕೆ ಕೈಚಾಚಿ ರಚ್ಚೆ ಹಿಡಿಯಿತು. ಅವಳು ಒಳಗಿನಿಂದ ಒಳಲೆ ತಂದು, ಕಾಯಿಸಿ ಆರಿಸಿಟ್ಟಿದ್ದ ಬೋರಿನ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ನಾನು ಜರಡಿ ಎತ್ತಿಕೊಂಡು ಹಳ್ಳಕ್ಕೆ ಇಳಿದೆ.