ಬೋಟಿನ ಹೆಸರಿಗೆ ಸಾಲದ ಜಾಗ

ಉದ್ಯಾವರದ ಬಾಡಿಗೆ ಮನೆಗೆ ಬಂದ ಎರಡನೆಯ ದಿನವೇ, ಅವ್ವ ಕಟ್ಟಿಕೊಟ್ಟಿದ್ದ ಕಟಕ್ ರೊಟ್ಟಿಗಳೆಲ್ಲ ಒದ್ದೆ ಬಟ್ಟೆಯಂತೆ ಬಾಗಿದವು. ಕಲಬುರಗಿಯಲ್ಲಿ ತಿಂಗಳಿಟ್ಟರೂ ಟಕ್ಕೆಂದು ಮುರಿಯುವ ರೊಟ್ಟಿ! ಡಬ್ಬಿ ಹಿಡಿದು ದಂಗಾಗಿ ನಿಂತಿದ್ದಾಗ ಕೆಳಗಿನಿಂದ ಮನೆಯೊಡತಿ ಸುಮತಿಯಕ್ಕ ಕೂಗಿದರು: "ಒಣಸ್ ಆಂಡಾ?"

"ಒಣಗಿಲ್ರೀ, ಮೆತ್ತಗಾಗ್ಯಾವ" ಎಂದೆ.

ಅವರು ತುಳುವಿನಲ್ಲಿ ಕೇಳಿದ್ದು, ಊಟ ಆಯಿತೇ ಎಂದು.

ನಮ್ಮದೇ ರಾಜ್ಯ, ಅಂಗಡಿಯ ಬೋರ್ಡುಗಳೆಲ್ಲ ಕನ್ನಡ. ಆದರೂ ಬಸ್ಸಿನಲ್ಲಿ ಜನರಾಡುವ ಒಂದು ಮಾತೂ ನನಗೆ ತಿಳಿಯುತ್ತಿರಲಿಲ್ಲ. ಪಾಲಿಟೆಕ್ನಿಕ್ಕಿನ ಪಾಠದ ಕೆಲಸ ಹೋಗಿ, ಮೂವತ್ತೈದು ದಾಟಿದ ಮೇಲೆ ಮಣಿಪಾಲದ ಒಂದು ಚಿಕ್ಕ ಕಂಪನಿಗೆ ಬಂದವಳು ನಾನು. ಅಲ್ಲಿ ಮೀನುಗಾರಿಕೆಯ ಬೋಟುಗಳಿಗಾಗಿ ಒಂದು ಪೆಟ್ಟಿಗೆ ತಯಾರಾಗುತ್ತಿತ್ತು. ಸಮುದ್ರದಲ್ಲಿ ಅಪಾಯವಾದಾಗ ಗುಂಡಿ ಒತ್ತಿದರೆ ಬೋಟಿನ ಹೆಸರು, ಇರುವ ಜಾಗ ದಡಕ್ಕೆ ತಲುಪಬೇಕು. ಒಳಗಿನ ಪ್ರೋಗ್ರಾಮು ಸಿ ಭಾಷೆಯದು. ಅದನ್ನು ಸ್ಕ್ಯಾನರ್ ಎಂಬ ತಪಾಸಣೆಯ ಪ್ರೋಗ್ರಾಮಿಗೆ ಕೊಟ್ಟರೆ, ಕೆಡುಕರು ನುಗ್ಗಬಹುದಾದ ಸಂದುಗಳನ್ನು ಅದು ಪಟ್ಟಿ ಮಾಡುತ್ತದೆ. ಹೆಚ್ಚಿನವು ಸುಳ್ಳು ಎಚ್ಚರಿಕೆಗಳು. ನಿಜ ಯಾವುದೆಂದು ಸಾಲು ಸಾಲು ಓದಿ ಹೇಳುವುದು ನನ್ನ ಕೆಲಸ.

ಮಾತಿಲ್ಲದ ಕೆಲಸ. ಊಟದ ಮೇಜಿನಲ್ಲಿ ತುಳುವಿನಲ್ಲಿ ನಗುತ್ತಿದ್ದವರು ನಾನು ಹೋದೊಡನೆ ಕನ್ನಡಕ್ಕೆ ಹೊರಳುತ್ತಿದ್ದರು. ನಗು ಮಾತ್ರ ಅಲ್ಲಿಗೇ ನಿಲ್ಲುತ್ತಿತ್ತು. ಆ ಸೌಜನ್ಯ ನನ್ನನ್ನು ಇನ್ನಷ್ಟು ಹೊರಗಿಟ್ಟಿತು. ಶನಿವಾರ ಸಂಜೆ ಕಂಡಕ್ಟರಿಗೆ "ಉದ್ಯಾವರ" ಎಂದರೆ, ಎಷ್ಟೋ ವಾರ ಮತ್ತೆ ಬಾಯಿ ತೆರೆದದ್ದು ಸೋಮವಾರ "ಮಣಿಪಾಲ" ಎನ್ನಲಿಕ್ಕೇ. ನಡುವಿನ ಭಾನುವಾರ ನಡೆದೇ ಹೋಗಿ ಕಡಲ ದಡದಲ್ಲಿ ಕೂತು ಬರುತ್ತಿದ್ದೆ.

ಸ್ಕ್ಯಾನರಿನ ಪಟ್ಟಿಯಲ್ಲಿ ಒಂದು ಸಾಲು ನನ್ನನ್ನು ಕಾಡುತ್ತಿತ್ತು. ಬೋಟಿನ ಹೆಸರಿಗೆ ಮೂವತ್ತೆರಡು ಬೈಟ್ ಜಾಗ. ಬಂದ ಹೆಸರು ಎಷ್ಟುದ್ದ ಎಂದು ನೋಡದೆ ಪ್ರೋಗ್ರಾಮು ಅದನ್ನು ಅಲ್ಲಿಗೆ ಸುರಿಯುತ್ತಿತ್ತು. ಹೆಚ್ಚಾದದ್ದು ಪಕ್ಕದ ಮಾಹಿತಿಯ ಮೇಲೆ ಹರಿದು ಅದನ್ನು ಅಳಿಸುತ್ತದೆ.

ನಮ್ಮ ಹಿರಿಯರಾದ ನಾಗೇಶ್ ಸರ್ ಒಪ್ಪಲಿಲ್ಲ. "ರೇಣುಕಾ, ಇಂಗ್ಲಿಷಿನಲ್ಲಿ ಬರೆದ್ರೆ ಇಪ್ಪತ್ತು ಚಿಲ್ಲರೆ ಅಕ್ಷರ. ಮೂವತ್ತೆರಡು ದಾಟುವ ಹೆಸರು ಯಾರು ಇಡ್ತಾರೆ ಮಾರಾಯ್ರೆ? ಸುಳ್ಳು ಅಂತ ಬರೆದು ಮುಗಿಸಿ."

ಬರೆದು ಮುಗಿಸಿದೆ. ಹೊಸಬಳು ನಾನು, ವಾದಕ್ಕಿಳಿಯಲು ಧೈರ್ಯ ಬರಲಿಲ್ಲ.

ಮಳೆಗಾಲದ ಒಂದು ಭಾನುವಾರ ಸುಮತಿಯಕ್ಕ, "ಒಬ್ಬರೇ ಎಂತ ಮಾಡುವುದು? ಬನ್ನಿ, ನಮ್ಮ ಬೋಟು ನೋಡುವ" ಎಂದು ಹೊಳೆಯ ದಡಕ್ಕೆ ಕರೆದೊಯ್ದರು. ಮೀನುಗಾರಿಕೆಗೆ ರಜೆಯ ಕಾಲ. ಬೋಟನ್ನು ದಡಕ್ಕೆಳೆದು, ಸೋಗೆಯ ಮರೆ ಕಟ್ಟಿ ಬಣ್ಣ ಹಚ್ಚುತ್ತಿದ್ದರು. ಅವರ ಗಂಡ ದಾಮೋದರಣ್ಣ ಕುಂಚ ಹಿಡಿದು ಹೆಸರು ತಿದ್ದುತ್ತಿದ್ದರು: ಶ್ರೀ ಮಹಾಲಕ್ಷ್ಮೀ ಪ್ರಸಾದ.

ಕನ್ನಡದಲ್ಲಿ.

ಕಂಪ್ಯೂಟರಿನೊಳಗೆ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ್ದಕ್ಕೆ ಮೂರು; ಒತ್ತು, ದೀರ್ಘಗಳಿಗೆ ಮತ್ತೆ ಬೇರೆ. ಅಲ್ಲೇ ಬೆರಳು ಮಡಿಚಿ ಎಣಿಸಿದೆ. ಅರವತ್ತೆರಡು; ಪೆಟ್ಟಿಗೆಯಲ್ಲಿದ್ದ ಜಾಗ ಮೂವತ್ತೆರಡು.

"ಎಂತ ಎಣಿಸ್ತಾ ಇದ್ದೀರಿ?" ಸುಮತಿಯಕ್ಕ ಕೇಳಿದರು.

"ಏನಿಲ್ರೀ ಅಕ್ಕಾ" ಎಂದೆ. ಸುಳ್ಳೆಂದು ಬರೆದುಕೊಟ್ಟವಳು ನಾನೇ ಎಂದು ಅವರ ಮುಖ ನೋಡಿ ಹೇಳಲಾಗಲಿಲ್ಲ.

ಸೋಮವಾರ ನಾಗೇಶ್ ಸರ್ ಎದುರಿಗೇ ಆ ಹೆಸರನ್ನು ಪೆಟ್ಟಿಗೆಗೆ ತುಂಬಿ ಗುಂಡಿ ಒತ್ತಿದೆ. ಅದರ ಪರದೆ ಹಾಗೇ ನಿಂತಿತು. ಮತ್ತೆ ಒತ್ತಿದೆ. ಯಾವ ಸಂದೇಶವೂ ಹೋಗಲಿಲ್ಲ.

"ಯಾರಾದರೂ ಬೇಕಂತಲೇ ಉದ್ದದ ಹೆಸರು ಕಳಿಸಿದ್ರೂ ಹಿಂಗೇ ಆಗ್ತದ್ರಿ ಸರ್" ಎಂದೆ. "ತಪ್ಪು ನಂದೂ ಅದ. ನಾನು ಸುಳ್ಳು ಅಂತ ಬರೀಬಾರದಿತ್ತು."

ಅವರು ಪೆಟ್ಟಿಗೆಯನ್ನು ತಮ್ಮತ್ತ ಎಳೆದುಕೊಂಡು ತಾವೇ ಗುಂಡಿ ಒತ್ತಿ ನೋಡಿದರು. "ಕಡಲಲ್ಲಿ ಹೀಗೆ ಆಗಿದ್ರೆ..." ಎನ್ನುತ್ತ ಫೋನು ಎತ್ತಿಕೊಂಡರು. ಸಂಜೆಯೊಳಗೆ ಪೆಟ್ಟಿಗೆಯ ಮಾರಾಟ ಮುಂದಕ್ಕೆ ಹೋಯಿತು. ಸುಳ್ಳೆಂದು ಬದಿಗಿಟ್ಟದ್ದನ್ನೆಲ್ಲ ಮತ್ತೆ ಓದಿದೆವು. ರಜೆ ಕಳೆದುಕೊಂಡ ಸಹೋದ್ಯೋಗಿಗಳು ಕೆಲವು ವಾರ ನನ್ನೊಡನೆ ಕನ್ನಡವನ್ನೂ ಆಡಲಿಲ್ಲ. ಆದರೆ ಪೆಟ್ಟಿಗೆ ಸರಿಯಾಯಿತು. ಹೊಸ ಋತುವಿಗೆ ದಾಮೋದರಣ್ಣನ ಬೋಟಿಗೂ ಒಂದು ಹೋಯಿತು.

ಮೊನ್ನೆ ಊರಿಂದ ತಮ್ಮ ಫೋನು ಮಾಡಿದ್ದ. "ಅಕ್ಕಾ, ನಿಮ್ಮೂರಾಗ ಮಳಿ ಹ್ಯಾಂಗದ?"

ನಿಮ್ಮೂರು! ಉದ್ಯಾವರಕ್ಕೆ ಅವನು ಹಾಗೆಂದದ್ದು ಎಲ್ಲೋ ನಾಟಿತು. ಅದೇ ಹೊತ್ತಿಗೆ ಮೆಟ್ಟಿಲ ಬಳಿ ನಿಂತಿದ್ದ ಸುಮತಿಯಕ್ಕ ಕೇಳಿದರು: "ರಜೆ ಸಿಕ್ಕಿತಾ? ನಿಮ್ಮ ಊರಿಗೆ ಯಾವಾಗ ಹೋಗುವುದು?"

ಯಾರಿಗೆ ಮೊದಲು ಉತ್ತರಿಸಲಿ? ಸುಮತಿಯಕ್ಕನಿಗೆ ತಾಳಿ ಎಂದು ಕೈಸನ್ನೆ ಮಾಡಿ, ತಮ್ಮನಿಗೆ ಕೇಳಲೆಂದು ಫೋನನ್ನು ಕಿಟಕಿಯಾಚೆ ಹಿಡಿದೆ. ಹೊರಗೆ ಮಳೆ ಜೋರಾಗಿತ್ತು.